ಎರಡನೇ ಸುತ್ತಿನ ಗಾಡಿ

ಭಾಲ್ಕಿಯಲ್ಲಿ ಮಾರಾಟಕ್ಕಿರುವ ಯಾವ ಬೈಕೂ ನಲವತ್ತು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿರುವುದಿಲ್ಲ. ಬ್ರೇಕಿನ ಪೆಡಲು ಸವೆದು ಕನ್ನಡಿಯಾಗಿರಲಿ, ಸೀಟಿನ ಸ್ಪಂಜು ಕುಂತು ಕುಂತು ಹಲಗೆಯಾಗಿರಲಿ, ಚೈನು ಜೋತುಬಿದ್ದು ಕವರಿಗೆ ಬಡಿಯುತ್ತಿರಲಿ, ಮೀಟರು ಮಾತ್ರ ಮೂವತ್ತೆಂಟು ಸಾವಿರದ ಆಸುಪಾಸಿನಲ್ಲಿ ನಿಂತಿರುತ್ತದೆ. ನಿಜವಾಗಿಯೂ ನಿಂತಿರುತ್ತದೆ. ಮುಂದಿನ ಗಾಲಿಯಿಂದ ಮೀಟರಿಗೆ ಹೋಗುವ ಕೇಬಲ್ಲು ಯಾವ ಕಾಲದಲ್ಲೋ ಹರಿದಿರುತ್ತದೆ. ಹೊಸದು ಹಾಕಿಸಲು ದೊಡ್ಡ ಖರ್ಚೇನಿಲ್ಲ, ಆದರೆ ಹಾಕಿಸಿದ ದಿನದಿಂದ ಗಾಡಿಗೆ ಮತ್ತೆ ವಯಸ್ಸಾಗತೊಡಗುತ್ತದಲ್ಲ!

ಮಾರಾಟದ ಗಾಡಿಗಳೆಲ್ಲ ಒಂದೋ ಡಾಕ್ಟರದ್ದು, ಇಲ್ಲವೇ ಮಾಸ್ತರರದ್ದು. "ಡಾಕ್ಟರ್ ಸಾಹೇಬ್ರ ಗಾಡಿ ಅದರಿ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ಮಳ್ಯಾಗ ಹೊರಗ ತಗದೇ ಇಲ್ಲ" ಎಂದು ದಲಾಲ ಹೇಳುತ್ತಾನೆ. ಹಾಲಿನವನ ಗಾಡಿ ಮಾರಾಟಕ್ಕಿದೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನಸುಕಿನಲ್ಲಿ ಎರಡೂ ಬದಿಗೆ ಕ್ಯಾನು ಜೋತು ಹಾಕಿಕೊಂಡು ಹಳ್ಳಿಹಳ್ಳಿಗಳಿಂದ ಬರುವ ಆ ಗಾಡಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ನನ್ನ ಅನುಮಾನವೆಂದರೆ, ಅವು ಒಂದು ರಾತ್ರಿ ಮೈ ತೊಳೆದುಕೊಂಡು, ಹೊಸ ಸ್ಟಿಕ್ಕರ್ ಅಂಟಿಸಿಕೊಂಡು, ಬೆಳಗಾಗುವುದರೊಳಗೆ ಮಾಸ್ತರರ ಗಾಡಿಗಳಾಗಿಬಿಡುತ್ತವೆ. ಹಿಂದಿನ ಶಾಕಪ್ಪಿನ ಪಕ್ಕ ಬೆರಳಾಡಿಸಿದರೆ ಕ್ಯಾನಿನ ಕೊಂಡಿ ಉಜ್ಜಿದ ಗುರುತು ಸಿಗುತ್ತದೆ. ಯಾವ ಮಾಸ್ತರು ಯಾವ ಶಾಲೆಗೆ ಹಾಲು ಹೊತ್ತರೋ ತಿಳಿಯದು.

ಕಲಬುರಗಿಯಲ್ಲಿ ನೌಕರಿ ಮುಗಿಸಿ ಊರಿಗೆ ಬಂದ ನನಗೆ ಬೈಕು ಬೇಕಾದದ್ದು ಹೊಲದ ಸಲುವಾಗಿ. ಹೊಲ ಭಾತಂಬ್ರಾ ಕಡೆ, ತೊಗರಿ, ಸೋಯಾ. ಕೆಲಸವಿದ್ದಾಗ ಬಸ್ಸಿಲ್ಲ, ಬಸ್ಸಿದ್ದಾಗ ಕೆಲಸವಿಲ್ಲ. ಕಲಬುರಗಿ ಇನ್ನೂ ಗುಲ್ಬರ್ಗಾ ಆಗಿದ್ದ ಕಾಲದಲ್ಲಿ ನನ್ನ ಹತ್ತಿರ ಯಮಹಾ ಆರ್‌ಎಕ್ಸ್ 100 ಇತ್ತು. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿಯುವ ಟೂ ಸ್ಟ್ರೋಕ್ ಗಾಡಿ. 1985ರಲ್ಲಿ ಬಂದ ಆ ಮಾಡೆಲ್ಲಿನ ತಯಾರಿಕೆ 1996ರಲ್ಲಿ ನಿಂತುಹೋಯಿತು. ನನ್ನದನ್ನು ಮಾರಿ ತೊಟ್ಟಿಲು ತಂದೆವು. ಆಮೇಲೆ ಸಂಸಾರ ನಾಲ್ಕು ಗಾಲಿ ಬೇಡಿತು, ನಾನು ಎರಡು ಗಾಲಿ ಮರೆತೆ. ಪುಣೆಯಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ಎಲೆಕ್ಟ್ರಿಕ್ ಸ್ಕೂಟರ್ ತಗೋ" ಎಂದ. ಮಳೆಗಾಲದ ನಮ್ಮ ಎರೆ ಮಣ್ಣನ್ನು ಅವನು ಮರೆತಿದ್ದಾನೆ. ಅದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕಿತೆಂದರೆ ಗಾಲಿ ತಿರುಗುವುದೇ ಇಲ್ಲ, ಇಳಿದು ಜಾಲಿ ಕಟ್ಟಿಗೆಯಿಂದ ಕೆದರಬೇಕು. ಅಂಥ ದಾರಿಗೆ ಹೊಸ ಗಾಡಿ ಇಳಿಸಲು ನನಗೆ ಮನಸ್ಸಿಲ್ಲ, ಹೊಸದರ ಬೆಲೆ ಕೇಳಿದ ಮೇಲೆ ಧೈರ್ಯವೂ ಇಲ್ಲ.

ಗಾಡಿ ನೋಡಲು ನಮ್ಮ ಕಾಕಾ ಜೊತೆಗೆ ಬಂದರು. ಬಂದರು ಎನ್ನುವುದಕ್ಕಿಂತ ಮುಂದೆ ನಡೆದರು ಎನ್ನಬೇಕು. ಜೀವಮಾನವಿಡೀ ದೇವಣಿ ಎತ್ತು ಕೊಂಡವರು, ಮಾರಿದವರು. ಔರಾದ ಕಡೆಯಿಂದ ಉದಗೀರದವರೆಗೆ ಅವರು ಬಾಯಿ ಬಿಡಿಸಿ ನೋಡದ ಹೋರಿ ಇರಲಿಕ್ಕಿಲ್ಲ. ಬೈಕು ಓಡಿಸಿದವರಲ್ಲ, ಆದರೆ ಅದೊಂದು ಕೊರತೆಯೆಂದು ಅವರಿಗೆ ಅನಿಸಲೂ ಇಲ್ಲ. ಮೊದಲ ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಾಡಿಸಿ, ಸುಳಿ ಹುಡುಕುವವರ ಹಾಗೆ ಬಣ್ಣ ಕಿತ್ತ ಜಾಗವನ್ನೆಲ್ಲ ನೋಡಿ, ಕೊನೆಗೆ ಮಿಸ್ತ್ರಿಯನ್ನು ಕೇಳಿದರು: "ಇದಕ್ಕ ಹಲ್ಲಿಲ್ಲೇನೋ? ವಯಸ್ಸು ಹ್ಯಾಂಗ ತಿಳಿಬೇಕು?"

ಮಿಸ್ತ್ರಿ ನಗಲಿಲ್ಲ. ಪಾನಾ ಕೆಳಗಿಟ್ಟು, ಹಿಂದಿನ ಗಾಲಿಯ ಹತ್ತಿರ ಕಾಕಾನನ್ನು ಕೂಡ್ರಿಸಿ, ಚೈನು ಕೂಡುವ ಸ್ಪ್ರಾಕೆಟ್ ತೋರಿಸಿದ. ಹೊಸದಿದ್ದಾಗ ಅದರ ಹಲ್ಲು ದಪ್ಪಗೆ, ಮೇಲೆ ಮೊಂಡಾಗಿ ಇರುತ್ತವೆ. ಚೈನು ಎಳೆದೆಳೆದು ಸವೆದಾಗ ಚೂಪಾಗಿ ಒಂದೇ ಕಡೆ ವಾಲುತ್ತವೆ. ಈ ಗಾಡಿಯ ಹಲ್ಲು ಮುಳ್ಳಿನಂತೆ ನಿಂತಿದ್ದವು. ಮೀಟರು 29,000 ಎನ್ನುತ್ತಿತ್ತು. ಕಾಕಾ ಎದ್ದು ಧೋತರ ಝಾಡಿಸಿಕೊಂಡು, "ಬಾಯಿಗೂಡಿ ಹತ್ ವರ್ಷ ಆಗ್ಯದ. ನಡೀ" ಎಂದರು. ಆಮೇಲೆ ನೋಡಿದ ಪ್ರತಿಯೊಂದು ಗಾಡಿಯನ್ನೂ ಅವರು ಹಿಂದಿನಿಂದಲೇ ಪರೀಕ್ಷಿಸಿದರು. ಮಾರುವವರು ಮುಂದೆ ನಿಂತು ಹೆಡ್‌ಲೈಟು, ಹಾರ್ನು ತೋರಿಸುತ್ತಿದ್ದರೆ ಕಾಕಾ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹಲ್ಲೆಣಿಸುತ್ತಿದ್ದರು. ಹೀಗೆ ಎಷ್ಟು ಜನ ಡಾಕ್ಟರರ ಮಾನ ಹೋಯಿತೋ!

ಒಂದೇ ಕಡೆ ಕಾಕಾ ಸೋತರು. ಗಾಡಿ ಪಸಂದಾಗಿ, ಹೆಗಲ ಮೇಲಿನ ದಸ್ತಿ ತೆಗೆದು ದಲಾಲನ ಕೈ ಮೇಲೆ ಹೊದಿಸಿ, ಕೆಳಗೆ ಅವನ ಬೆರಳು ಹಿಡಿದರು. ದನದ ಬಜಾರದಲ್ಲಿ ರೇಟು ಹೀಗೇ ಆಗುವುದು. ಸುತ್ತ ನಿಂತ ನೂರು ಮಂದಿಗೆ ಒಂದು ಅಂಕಿಯೂ ಕೇಳಿಸುವುದಿಲ್ಲ. ಹುಡುಗ ದಲಾಲ ಹೌಹಾರಿ ಕೈ ಕಿತ್ತುಕೊಂಡು, "ಕಾಕಾ, ಏನ್ ಮಾಡ್ಲತ್ತೀರಿ? ರೇಟು ವಾಟ್ಸಾಪ್‌ನಾಗ ಹಾಕ್ತೀನಿ" ಎಂದ.

ನಮ್ಮದು ಮೂರು ರಾಜ್ಯಗಳ ಗಾಡಿ ಓಡುವ ಊರು. ಕೆಎ-39 ಭಾಲ್ಕಿಯದೇ ಸ್ವಂತ ನಂಬರು, ಕೆಎ-38 ಬೀದರಿನದು. ಕಮಲನಗರ ದಾಟಿದರೆ ಮಹಾರಾಷ್ಟ್ರ, ಲಾತೂರಿನ ಎಂಎಚ್-24 ಶುರು. ಬೀದರಿನ ಆಚೆ ಜಹೀರಾಬಾದಿನ ಕಡೆಯವು ತೆಲಂಗಾಣದವು. ಗಡಿ ದಾಟಿ ಬಂದ ಗಾಡಿ ಅಗ್ಗ. ಯಾಕೆ ಅಗ್ಗ ಎಂದರೆ, ಹನ್ನೆರಡು ತಿಂಗಳ ಮೇಲೆ ಅದನ್ನು ಇಲ್ಲಿ ಇಟ್ಟುಕೊಳ್ಳಬೇಕಾದರೆ ಇಲ್ಲಿನ ನಂಬರು ಪಡೆಯಬೇಕು, ಅದಕ್ಕೆ ಅಲ್ಲಿನ ಆರ್‌ಟಿಓದಿಂದ ಫಾರಂ 28ರ ಮೇಲೆ ಎನ್‌ಒಸಿ ತರಬೇಕು, ತಂದು ಇಲ್ಲಿ ತೆರಿಗೆ ಕಟ್ಟಬೇಕು. ಕೇಳಿದರೆ "ಎನ್‌ಒಸಿ ಬರ್ಲತ್ತದರಿ" ಎನ್ನುತ್ತಾರೆ. ಉದಗೀರದಿಂದ ಹೊರಟ ರೈಲು ತಡವಾದರೂ ಭಾಲ್ಕಿ ಸ್ಟೇಶನ್ನಿಗೆ ಬರುತ್ತದೆ, ಎನ್‌ಒಸಿ ಬರುವುದಿಲ್ಲ. ಒಂದು ಗಾಡಿಯಂತೂ ನಾಲ್ಕು ಕೈ ಬದಲಾಗಿತ್ತು, ಕಾಗದದಲ್ಲಿ ಮಾತ್ರ ಮೊದಲಿನ ಯಜಮಾನರದೇ ಹೆಸರು. ಅವರು ಸಹಿ ಮಾಡಿಕೊಟ್ಟ 29, 30ನೇ ನಂಬರಿನ ಖಾಲಿ ಫಾರಂಗಳು ಗಾಡಿಯ ಜೊತೆ ಊರೂರು ತಿರುಗಿ ಮಡಿಕೆಯಲ್ಲಿ ಹರಿದಿದ್ದವು. ಆ ಯಜಮಾನರು ತೀರಿಹೋಗಿ ಎಷ್ಟೋ ಕಾಲವಾಯಿತೆಂದು ಪಕ್ಕದ ಪಾನಪಟ್ಟಿಯವನು ಹೇಳಿದ. ದಲಾಲ, "ಸಹಿ ಜಿಂದಾ ಅದಲ್ಲರಿ!" ಎಂದ.

ನಿಜಾಮನ ಆಳ್ವಿಕೆಯಲ್ಲಿ ನಮ್ಮ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಅದು ಪುಣ್ಯದ ಯುಕ್ತಿ. ಇವತ್ತು ನಾನು ಹೀಗೆ ಬರೆಯುತ್ತಿದ್ದರೆ ಅದರಲ್ಲಿ ಅವರ ಪಾಲಿದೆ. ಗಾಡಿ ಬಜಾರದವರು ಮಾತ್ರ ಆ ಯುಕ್ತಿಯನ್ನು ಪುಣ್ಯದ ಗೊಡವೆಯಿಲ್ಲದೆ ಉಳಿಸಿಕೊಂಡಿದ್ದಾರೆ. ಹೊರಗೆ ಒಂದು ಮಾಡೆಲ್ಲಿನ ಸ್ಟಿಕ್ಕರು, ಒಳಗೆ ಇನ್ನೊಂದರ ಇಂಜಿನ್ನು. ಚಾಸಿ ನಂಬರ್ ಒಂದು ಹೇಳುತ್ತದೆ, ಇಂಜಿನ್ ನಂಬರ್ ಮತ್ತೊಂದು. ಆರ್‌ಸಿ ಪುಸ್ತಕ ಇಬ್ಬರಿಗೂ ಸಾಕ್ಷಿ ಹೇಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಒಬ್ಬ ವಿಮಾ ಏಜೆಂಟರ ಮನೆ ಅಂಗಳದಲ್ಲಿ ಅದನ್ನು ಕಂಡೆ. ಕರಿಯ ಸ್ಪ್ಲೆಂಡರ್, 2014ರ ಮಾಡೆಲ್. ಸ್ಪ್ಲೆಂಡರ್ ಮೊದಲು ಬಂದದ್ದು 1994ರಲ್ಲಿ. ಅಂದಿನಿಂದ ನಮ್ಮ ಕಡೆ ಹಳ್ಳಿಯ ಮದುವೆ ಮಾತುಕತೆಗಳಲ್ಲಿ ಅದರ ಹೆಸರು ಬಂದಷ್ಟು ವರನ ಹೆಸರೂ ಬಂದಿರಲಿಕ್ಕಿಲ್ಲ. ಮೀಟರು ಹನ್ನೆರಡು ಸಾವಿರ ತೋರಿಸುತ್ತಿತ್ತು. ನಾನು ಕಾಕಾನ ಮುಖ ನೋಡಿದೆ. ಕಾಕಾ ಆಗಲೇ ಗಾಡಿಯ ಹಿಂದೆ ಕೂತಾಗಿತ್ತು.

ಏಜೆಂಟರು ತಾವಾಗಿ ಹೇಳಿದರು: "ಹನ್ನೆರಡು ಅಲ್ಲರಿ ಸರ್. ಒಂದು ಲಕ್ಷ ಹನ್ನೆರಡು ಸಾವಿರ. ಮೀಟರಿನಾಗ ಐದೇ ಮನಿ ಅವ. 99,999 ಆದ ಮ್ಯಾಲ ಮತ್ತ ಸೊನ್ನಿಗೆ ಬರ್ತದ. ಇದು ಎರಡನೇ ಸುತ್ತು."

ಅಂಥ ಮಾತನ್ನು ಭಾಲ್ಕಿಯ ಬಜಾರದಲ್ಲಿ ನಾನು ನಿರೀಕ್ಷಿಸಿರಲಿಲ್ಲ. "ಹನ್ನೆರಡು ಅಂದಿದ್ರ ನಡೀತಿತ್ತಲ್ಲರಿ?" ಎಂದೆ.

"ನಂದು ವಿಮಾ ಧಂದೆ ಸರ್. ವಯಸ್ಸು ಮುಚ್ಚಿಟ್ರ ಮುಂದ ಕ್ಲೇಮ್ ಆಗಲ್ಲ."

ಒಳಗಿನಿಂದ ಒಂದು ಡೈರಿ ತಂದರು. ಆಯಿಲ್ ಬದಲಿಸಿದ್ದು, ಚೈನ್ ಸೆಟ್ ಹಾಕಿಸಿದ್ದು, ಕ್ಲಚ್ ಪ್ಲೇಟ್, ಟೈರು, ಎಲ್ಲ ತಾರೀಖು, ಕಿಲೋಮೀಟರು ಸಮೇತ ಬರೆದಿಟ್ಟಿದ್ದರು. ಎಂಬತ್ತು ಸಾವಿರದ ಮೇಲೆ ಬೋರು, ಪಿಸ್ಟನ್, ರಿಂಗು ಹೊಸದಾಗಿದ್ದವು. ಕಮಲನಗರ, ಹಲಬರ್ಗಾ, ಧನ್ನೂರ, ಬೀದರ ಎಂದು ತಿರುಗಿದ ಊರುಗಳ ಹೆಸರೂ ಅಲ್ಲಲ್ಲಿ ಇದ್ದವು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ಈ ಮನುಷ್ಯ ಜಿಲ್ಲೆ ಬಿಟ್ಟು ಹೊರಗೆ ಕಾಲಿಡದೆ, ಕಂತು ಕಟ್ಟಿರಿ ಎಂದು ಜನರನ್ನು ಎಚ್ಚರಿಸುತ್ತಲೇ ಭೂಮಿಯನ್ನು ಹತ್ತಿರ ಹತ್ತಿರ ಮೂರು ಸಲ ಸುತ್ತಿ ಬಂದಿದ್ದ!

ನನಗೆ ಗಾಡಿ ಆಗಲೇ ಮನಸ್ಸಿಗೆ ಬಂದಿತ್ತು. ಯಾವ ಭಾಗ ಹೊಸದು, ಯಾವುದು ಮುದಿ ಎಂದು ಗೊತ್ತಿರುವ ಲಕ್ಷದ ಗಾಡಿ, ಏನೂ ಗೊತ್ತಿಲ್ಲದ ಮೂವತ್ತು ಸಾವಿರದ ಗಾಡಿಗಿಂತ ಎಷ್ಟೋ ವಾಸಿ. ಈ ಮಾತನ್ನು ಕಟ್ಟೆಯ ಮೇಲೆ ಹೇಳಿದಾಗ ಯಾರೂ ಒಪ್ಪಲಿಲ್ಲ. "ಲಕ್ಷ ಓಡಿದ ಗಾಡಿ ತಗೋಳಾಕ ತಲಿ ಕೆಟ್ಟದೇನು?" ಎಂದು ಮೂವತ್ತೆಂಟು ಸಾವಿರದಲ್ಲಿ ಮೀಟರು ನಿಲ್ಲಿಸಿಕೊಂಡವರೇ ಮೊದಲು ಕೇಳಿದರು. ಮಿಸ್ತ್ರಿ ಮಾತ್ರ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿ ಕೇಳಿದ. ಟೈಮಿಂಗ್ ಚೈನು ಸ್ವಲ್ಪ ಕಟಕಟ ಎನ್ನುತ್ತದೆ, ಉಳಿದದ್ದು ಏನಿಲ್ಲ ಎಂದ. ಹಿಂದೆ ಬಿಳಿಯ ಬಟ್ಟೆ ಹಿಡಿದು ಆಕ್ಸಿಲೇಟರ್ ತಿರುವಿದ. ನೀಲಿ ಹೊಗೆ ಬರಲಿಲ್ಲ, ಅಂದರೆ ಆಯಿಲ್ ಸುಡುತ್ತಿಲ್ಲ. ಹಲ್ಲು ನೋಡಿ ಮುಗಿಸಿದ್ದ ಕಾಕಾ, "ನಾಕ್ ಹಲ್ಲಿನ ಹೋರಿ" ಎಂದು ತೀರ್ಪು ಕೊಟ್ಟರು. ಇಪ್ಪತ್ತೇಳು ಸಾವಿರಕ್ಕೆ ಮುಗಿಯಿತು.

ಇನ್ನು ಓಡಿಸುವವನ ಕಾಗದಪತ್ರ. ನನ್ನ ಲೈಸನ್ಸಿನ ಅವಧಿ ಯಾವಾಗಲೋ ಮುಗಿದಿತ್ತು. ಮುಗಿದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು, ನಲವತ್ತು ದಾಟಿದವರು ಡಾಕ್ಟರರಿಂದ ಫಾರಂ 1ಎ ತರಬೇಕು. ಪರೀಕ್ಷೆಯ ದಿನ ಸಾಲಿನಲ್ಲಿದ್ದವರೆಲ್ಲ ಕಾಲೇಜು ಹುಡುಗರು. ಒಬ್ಬ ಎದ್ದು ಜಾಗ ಕೊಟ್ಟು, "ಅಂಕಲ್, ಮಗನ ಕೆಲಸ ಆಗೋತನಕ ಕೂಡ್ರಿ" ಎಂದ. ನೆಲಕ್ಕೆ ಕಾಲೂರದೆ ಎಂಟರ ಅಂಕಿಯ ಗೆರೆಯಲ್ಲಿ ತಿರುಗಬೇಕು. ಮೊದಲ ಸೊನ್ನೆ ಸರಾಗ ದಾಟಿತು, ಎರಡನೆಯದರಲ್ಲಿ ಮಣಕಾಲು ಕಟಕ್ ಎಂದಿತು. ಟೈಮಿಂಗ್ ಚೈನು ಎಂದುಕೊಂಡು ಯಾರೂ ಲಕ್ಷ್ಯ ಕೊಡಲಿಲ್ಲ. ಪಾಸಾದೆ.

ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ಗಾಡಿ ಒಯ್ದು ಪೂಜೆ ಮಾಡಿಸಿದೆವು. ಹಿಂದೆ ಕೂಡುವ ಮುಂಚೆ ಮನೆಯಾಕೆ ಸಾರಿ ಗಾರ್ಡನ್ನು ಎರಡು ಸಲ ಜಗ್ಗಿ ನೋಡಿದಳು. ಅವಳಿಗೆ ಇಂಜಿನ್ನಿನ ಚಿಂತೆಯಿಲ್ಲ, ಸೆರಗಿನದು. ಪೂಜಾರಿ ಎರಚಿದ ಭಂಡಾರ ಮೀಟರಿನ ಗಾಜನ್ನೆಲ್ಲ ಮುಚ್ಚಿತು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದೆ. ಈಗಿನ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥೆನಾಲ್, ಅದಕ್ಕೆ ನಮ್ಮಂಥವರ ಕಬ್ಬೂ ಹೋಗುತ್ತದೆ. ಕಬ್ಬಿನ ಬಿಲ್ಲು ಕೈಗೆ ಬರುವ ಮೊದಲೇ ಕಬ್ಬು ಟ್ಯಾಂಕಿಗೆ ಬಂತು ಎಂದು ಕಾಕಾ ಹೇಳಿದ್ದು ಪೂರ್ತಿ ತಮಾಷೆಯಲ್ಲ.

ಆರ್‌ಸಿ ನನ್ನ ಹೆಸರಿಗೆ ಆಯಿತೆಂದು ತಿಳಿದು ಏಜೆಂಟರು ಪೇಡೆ ತಿನ್ನಲು ಮನೆಗೆ ಬಂದರು. ಹೊಸ ಗಾಡಿಯಲ್ಲಿ ಬಂದಿದ್ದರು. ಚಹಾ ಕುಡಿದು ಕಪ್ಪು ಕೆಳಗಿಟ್ಟವರೇ ಬ್ಯಾಗಿನಿಂದ ಒಂದು ಫಾರಂ ತೆಗೆದರು.

"ಈ ವಯಸ್ಸಿನಾಗ ಮತ್ತ ಬೈಕ್ ಹತ್ತೀರಿ ಸರ್. ಒಂದು ಪಾಲಿಸಿ ಇರಲಿ. ಜಡ್ಡು ಜಾಪತ್ರಿ ಏನರ?"

"ಏನಿಲ್ಲ" ಎಂದೆ.

ಅಡುಗೆಮನೆಯಿಂದ ಪಟ್ಟಿ ಬಂತು: "ಶುಗರ್ ಅದ, ಬಿಪಿ ಅದ, ಮಣಕಾಲಿಗೆ ಎಣ್ಣಿ ಹಚ್ಚೋದು ನಾ. ರಾತ್ರಿ ಗೊರಕಿ ಕಟಕಟ ಅಂತದ, ಅದನೂ ಬರಕೋರಿ."

ಏಜೆಂಟರು ಒಂದನ್ನೂ ಬಿಡದೆ ಬರೆದುಕೊಂಡರು. ಮೊಬೈಲಿನಲ್ಲಿ ಲೆಕ್ಕ ಹಾಕಿ ಹೇಳಿದ ವರ್ಷದ ಕಂತು ಗಾಡಿಯ ಬೆಲೆಗಿಂತ ಮೂರು ಸಾವಿರ ಹೆಚ್ಚಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡು, ಹೆಗಲ ಮೇಲಿನ ದಸ್ತಿ ತೆಗೆದು, ಅವರ ಬಲಗೈ ಮೇಲೆ ಹೊದಿಸಿದರು.