ಅಥಾತೋ ಬೀಗಜಿಜ್ಞಾಸಾ

ಸಂಸ್ಥೆಗೆ ಯಾವ ಮಾಹಿತಿ ಬೇಕು, ಅದನ್ನು ಯಾರಿಂದ ಕಾಯಬೇಕು ಎಂಬ ಪ್ರಶ್ನೆಗಳ ವಿಚಾರದಲ್ಲಿ ಪಂಡಿತರು ಎರಡು ಪಂಥವಾಗಿದ್ದಾರೆ. ಮೊದಲನೆಯದು ಬೀಗವಾದ. ಇದರ ಅನುಯಾಯಿಗಳು ಮೊದಲು ಬೀಗ ತರುತ್ತಾರೆ, ಬೀಗಕ್ಕೊಪ್ಪುವ ಬಾಗಿಲು ಹುಡುಕುತ್ತಾರೆ, ಬಾಗಿಲಿಗೆ ತಕ್ಕ ಕೋಣೆ ಕಟ್ಟಿಸಿ, ಒಳಗೆ ಏನಿಡಬೇಕೆಂದು ತಿಳಿಯಲು ಉಪಸಮಿತಿ ನೇಮಿಸುತ್ತಾರೆ. ಎರಡನೆಯದು ವ್ಯವಸ್ಥಾವಾದ: ಮೊದಲು ಕೆಲಸ ನೋಡು, ಅದಕ್ಕೆ ಯಾವ ಮಾಹಿತಿ ಬೇಕೆಂದು ಕೇಳು, ಬೀಗದ ಮಾತು ಆಮೇಲೆ. ಇದರ ಆಚಾರ್ಯ ಪೀಟರ್ ಚೆಕ್‌ಲ್ಯಾಂಡ್ 1981ರಲ್ಲಿ ಇಂಗ್ಲೆಂಡಿನಲ್ಲಿ ಗ್ರಂಥ ಬರೆದರು. ಅದರ ಪುಣ್ಯಕ್ಷೇತ್ರಗಳು ಮಾತ್ರ ಗುಜರಾತಿನಲ್ಲಿವೆ.

ಸೂತ್ರ 1: ಕೆಲಸ ಕಂಡವನಿಗೆ ಮಾಹಿತಿಯೂ ಕಂಡೀತು.

ಭಾಷ್ಯ: 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೋ ಗಿರಣಿಗೆ ಬಂದರು. ಸ್ವಯಂಚಾಲಿತ ಮಗ್ಗಗಳು ಬಂದಿದ್ದವು, ಅವುಗಳಿಂದ ನಿರೀಕ್ಷಿಸಿದ ಲಾಭ ಬಂದಿರಲಿಲ್ಲ. ನೇಯುವವನೊಬ್ಬ, ಎಣ್ಣೆ ಬಿಡುವವನೊಬ್ಬ, ಗುಡಿಸುವವನೊಬ್ಬ. ಬಟ್ಟೆ ಒಂದೇ, ತಂಡ ಯಾವುದೆಂದು ಯಾರಿಗೂ ಗೊತ್ತಿಲ್ಲ. ಇಷ್ಟು ಮಗ್ಗಕ್ಕೆ ಇಂತಿಷ್ಟು ಜನರ ಒಂದು ಗುಂಪು ಎಂಬ ಆಲೋಚನೆ ಹೊರಬಿದ್ದದ್ದೇ ತಡ, ಕಾರ್ಮಿಕರೇ ಗುಂಪು ಕಟ್ಟಿಕೊಂಡರು. ಉತ್ಪಾದನೆ ಏರಿತು, ಬಟ್ಟೆ ಹಾಳಾಗುವುದು ಇಳಿಯಿತು, 1958ರಲ್ಲಿ ರೈಸ್ ಅವರ ಪುಸ್ತಕವೂ ಬಂತು. ‘ಇದರಲ್ಲಿ ಪಾಸ್‌ವರ್ಡ್ ಎಲ್ಲಿದೆ?’ ಎಂಬುದು ಬೀಗವಾದಿಗಳ ಆಕ್ಷೇಪ.

ಸೂತ್ರ 2: ಎಲ್ಲೆಯು ವಾಚ್‌ಮನ್ನನ ಸ್ಟೂಲಿನ ಬಳಿ ಮುಗಿಯದು.

ಭಾಷ್ಯ: ವಿಕ್ರಮ್ ಸಾರಾಭಾಯಿ 1960ರಲ್ಲಿ ವಡೋದರದಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಸ್ಥಾಪಿಸಿದರು. ಕಾರ್ಖಾನೆಗೆ ತನ್ನ ಗೇಟು ದಾಟಿದ ಸರಕಿನ ಲೆಕ್ಕ ಗೊತ್ತು; ಅಂಗಡಿಯ ಕಪಾಟಿನಿಂದ ಎಷ್ಟು ಇಳಿಯಿತೆಂಬುದು ಗೊತ್ತಿಲ್ಲ. ಆ ಸಂಸ್ಥೆಯವರು ಅಂಗಡಿಗಳಿಗೇ ಹೋಗಿ ಎಣಿಸಿದರು.

ಸೂತ್ರ 3: ತಿಳಿಯಬೇಕಾದವನಿಗೆ ತಿಳಿದರೆ ಸಾಕು.

ಭಾಷ್ಯ: ಇಲ್ಲಿ ಶಾಸ್ತ್ರ ಪರಾಕಾಷ್ಠೆ ಮುಟ್ಟುತ್ತದೆ. ಪ್ರಪಂಚದ ವಜ್ರಗಳಲ್ಲಿ ಬಹುಪಾಲು ಹೊಳಪು ಪಡೆಯುವುದು ಸೂರತ್‌ನಲ್ಲಿ. ಹೊಳಪು ಪಡೆದದ್ದನ್ನು ಮುಂಬೈಗೆ ಒಯ್ಯುವವರು ಆಂಗಡಿಯಾಗಳು. ಕಾಗದದ ಪೊಟ್ಟಣ, ಒಳಅಂಗಿಯ ಜೇಬು, ರಾತ್ರಿಯ ರೈಲು. ಅವರ ಮೂಲಕ ನಗದು ಕಳಿಸುವಾಗ ಹತ್ತು ರೂಪಾಯಿಯ ನೋಟೊಂದರ ನಂಬರನ್ನು ಹಣ ತಲುಪಬೇಕಾದ ಊರಿನ ಪೇಢಿಗೆ, ಅಂದರೆ ಆಂಗಡಿಯಾ ಕಚೇರಿಗೆ, ತಿಳಿಸಲಾಗುತ್ತದೆ; ಅದೇ ನೋಟನ್ನು ತೋರಿಸಿದವನ ಕೈಗೆ ಹಣ. ಹೆಸರು ಕೇಳುವುದಿಲ್ಲ, ತಾಯಿಯ ಹುಟ್ಟೂರು ಕೇಳುವುದಿಲ್ಲ, ಬಸ್ಸಿರುವ ಚೌಕಗಳನ್ನು ಗುರುತಿಸಿ ನೀವು ಮನುಷ್ಯರೆಂದು ಸಾಬೀತುಪಡಿಸಿ ಎನ್ನುವುದಿಲ್ಲ. ನಮ್ಮ ಬ್ಯಾಂಕುಗಳು ಓಟಿಪಿ ಎಂದು ಕರೆಯುವುದರ ಕೆಲಸವನ್ನು ರಿಸರ್ವ್ ಬ್ಯಾಂಕಿನ ಮುದ್ರಣಾಲಯವೇ, ತನಗರಿವಿಲ್ಲದೆ, ಮಾಡಿಕೊಟ್ಟಿದೆ.

ಬೀಗವಾದಿಗಳು ಸುಮ್ಮನಿರಲಿಲ್ಲ. 2023ರ ಡಿಸೆಂಬರ್ 17ರಂದು ಸುಮಾರು 67 ಲಕ್ಷ ಚದರಡಿಯ ಸೂರತ್ ಡೈಮಂಡ್ ಬೋರ್ಸ್ ಎಂಬ ವಜ್ರ ವ್ಯಾಪಾರ ಕೇಂದ್ರದ ಉದ್ಘಾಟನೆಯಾಯಿತು. ಕಟ್ಟಡಕ್ಕೆ ಏನೂ ಕೊರತೆಯಿಲ್ಲ. ಒಳಗೆ ವ್ಯಾಪಾರಿಗಳು ಬರುವುದೇ ತಡವಾಯಿತು. ಅತ್ತ ಸೂರತ್‌ನದೇ ಮಹಿಧರಪುರದ ಗಲ್ಲಿಯಲ್ಲಿ ದಲಾಲರು ಸ್ಕೂಟರಿಗೆ ಒರಗಿ, ನಡುಬೀದಿಯಲ್ಲೇ ಪೊಟ್ಟಣ ಬಿಚ್ಚಿ ಕಲ್ಲು ತೋರಿಸುತ್ತಿದ್ದರು. ಮುಖಗಳೆಲ್ಲ ಪರಿಚಿತವಾದ ಬೀದಿಯಲ್ಲಿ ಅಪರಿಚಿತನೇ ಮೊದಲು ಕಣ್ಣಿಗೆ ಬೀಳುತ್ತಾನೆ ಎಂಬ ಸಿದ್ಧಾಂತವನ್ನು ಯಾವ ಟೆಂಡರಿನಲ್ಲಿ ಸೇರಿಸುವುದೆಂದು ಸಮಿತಿಗೆ ತಿಳಿಯದು.

ಪೂರ್ವಪಕ್ಷ: ಹಾಗಾದರೆ ಆಂಗಡಿಯಾ ವ್ಯವಸ್ಥೆ ನಿರ್ದೋಷವೋ? ಅಲ್ಲ. ಕಾರ್ಯಕ್ಕೆ ಸಂಬಂಧಪಟ್ಟವರೆಲ್ಲರನ್ನೂ ಒಂದೇ ಚಿತ್ರದಲ್ಲಿ ಬರೆಯಬೇಕೆಂಬುದು ಚೆಕ್‌ಲ್ಯಾಂಡ್ ವಿಧಿ. ಆಂಗಡಿಯಾಗಳ ಚಿತ್ರದಲ್ಲಿ ಕಳಿಸುವವ, ಒಯ್ಯುವವ, ಪಡೆಯುವವ, ಕಳ್ಳ ಎಂಬ ನಾಲ್ವರಿದ್ದರು. ಐದನೆಯವರು 2013ರ ಜುಲೈನಲ್ಲಿ ಮುಂಬೈ ಸೆಂಟ್ರಲ್ ನಿಲ್ದಾಣದ ಬಳಿ ತಾವಾಗಿಯೇ ಕಾಣಿಸಿಕೊಂಡರು: ರಾಷ್ಟ್ರೀಯ ತನಿಖಾ ಸಂಸ್ಥೆ, ಜೊತೆಗೆ ಆದಾಯ ತೆರಿಗೆ ಇಲಾಖೆ. ಆಂಗಡಿಯಾಗಳ ಲಾರಿಗಳನ್ನು ತಡೆದು, ನಗದು ಮತ್ತು ವಜ್ರದ ಚೀಲಗಳನ್ನೆಲ್ಲ ವಶಕ್ಕೆ ಪಡೆದರು. ಹತ್ತು ರೂಪಾಯಿ ನೋಟನ್ನು ಯಾರೂ ಕೇಳಲಿಲ್ಲ.