ಕೆಲಸವಿಲ್ಲದ ಗೋಪುರ

ಬಡವರ ಮನೆಗೆ ಚೆಂದ ಯಾಕೆ, ಸೋರದಿದ್ದರೆ ಸಾಕು ಅಂದಿರಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲೇ ಇಲ್ಲ ಕಣ್ರೀ. ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಹೆಟ್ ಸ್ಖಿಪ್’ ಅಂತ ಒಂದು ಇಟ್ಟಿಗೆ ವಠಾರ ಇದೆ. ಹಡಗಿನಂಥ ಆಕಾರ ನೋಡಿ ಜನರೇ ಹಾಗೆ ಕರೆದರು. ರೈಲುಹಳಿಯ ಪಕ್ಕದ ಮುಕ್ಕೋನದ ಜಾಗದಲ್ಲಿ 1919ಕ್ಕೆ ಶುರುವಾಗಿ 1921ಕ್ಕೆ ಮುಗಿಯಿತು. 102 ಮನೆ, ಎಲ್ಲ ದುಡಿಯುವ ಜನಕ್ಕೆ.

ಅದಕ್ಕೆ ಮುಂಚೆ ಆ ಜನ ಇದ್ದದ್ದು ತೇವ ಹಿಡಿದ ನೆಲಮಾಳಿಗೆಗಳಲ್ಲಿ, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಗೋಡೆಯ ಕಪಾಟಿನಂಥ ಗೂಡೇ ಹಾಸಿಗೆ. 1901ರ ವಸತಿ ಕಾಯ್ದೆ ಬಂದಮೇಲೆ ವಸತಿ ಸಂಘಗಳಿಗೆ ಸರ್ಕಾರದ ಸಾಲ ಸಿಗತೊಡಗಿತು. ‘ಐಗನ್ ಹಾರ್ಡ್’ ಅನ್ನುವ ಸಂಘ ಈ ಕೆಲಸವನ್ನು ಮಿಷೆಲ್ ಡಿ ಕ್ಲೆರ್ಕ್ ಕೈಗೆ ಕೊಟ್ಟಿತು. ಬಡ ಯಹೂದಿ ಮನೆಯ ಹುಡುಗ, ಚಿಕ್ಕ ವಯಸ್ಸಿಗೇ ವಾಸ್ತುಶಿಲ್ಪಿಯೊಬ್ಬರ ಕಚೇರಿ ಸೇರಿ ನಕ್ಷೆ ಬರೆಯುತ್ತಾ ಬೆಳೆದವನು.

ಅವನು ಇಟ್ಟಿಗೆಯನ್ನು ಹೇಗೆ ಆಡಿಸಿದ್ದಾನೆ ನೋಡಬೇಕು! ಕೆಲವು ಕಡೆ ಇಟ್ಟಿಗೆ ಉದ್ದಕ್ಕೆ ನಿಂತಿದೆ, ಕೆಲವು ಕಡೆ ಗೋಡೆ ಬಾಗಿ ಅಲೆಯಾಗಿದೆ, ಒಂದು ಮೂಲೆಯಲ್ಲಂತೂ ದುಂಡಗೆ ಹೊರಗೆ ಉಬ್ಬಿದೆ. ಅದಕ್ಕೆ ಅಲ್ಲಿಯವರು ಚುರುಟು ಅನ್ನುತ್ತಾರೆ. ಚೂಪು ತುದಿಯಲ್ಲಿ ಅಂಚೆ ಕಚೇರಿ ಇತ್ತು. ಸ್ವಂತ ಫೋನಿಲ್ಲದ ಜನಕ್ಕೆ ಅಲ್ಲೇ ದೂರವಾಣಿ ಗೂಡು, ಅದರ ವಿನ್ಯಾಸವೂ ಅವನದೇ.

ಇನ್ನೊಂದು ತುದಿಯಲ್ಲಿ ಎತ್ತರದ ಗೋಪುರ. ಗಂಟೆ ಇಲ್ಲ, ನೀರಿನ ಟ್ಯಾಂಕಿಲ್ಲ, ಒಳಗೆ ವಾಸವೂ ಇಲ್ಲ. ಬಾಡಿಗೆ ಹುಟ್ಟಿಸದ ಇಟ್ಟಿಗೆ ಅದು. ನನಗೆ ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಪ್ರೀತಿ ಅದರ ಮೇಲೇ. ಊರಿನಲ್ಲಿ ಅಲ್ಲಿಯವರೆಗೆ ಗೋಪುರ ಇದ್ದದ್ದು ಚರ್ಚಿಗೆ, ದೊಡ್ಡವರ ಕಟ್ಟಡಗಳಿಗೆ. ಗಿರಣಿ, ಬಂದರಿನಿಂದ ಸುಸ್ತಾಗಿ ಬರುವವನು ತಲೆ ಎತ್ತಿ ‘ಅದು ನಮ್ಮದು’ ಅನ್ನಲಿ ಅಂತ ಒಬ್ಬ ಕಟ್ಟಿದನಲ್ಲ, ಅದು ದುಂದು ಹೇಗಾದೀತು ಹೇಳಿ?

ಡಿ ಕ್ಲೆರ್ಕ್ ಹೆಚ್ಚು ದಿನ ಬದುಕಲಿಲ್ಲ. 1923ರ ನವೆಂಬರ್ 24, ಅವನ 39ನೇ ಹುಟ್ಟುಹಬ್ಬದ ದಿನವೇ ತೀರಿಕೊಂಡ. ಆ ಬಡಾವಣೆಯ ಹೆಣ್ಣುಮಗಳೊಬ್ಬಳು ನಮ್ಮ ಮನೆ ಕಟ್ಟಿದವನು ಹೋದನಲ್ಲ ಅಂತ ದುಃಖಪಟ್ಟು ಪತ್ರಿಕೆಗೆ ಬರೆದಳಂತೆ. ಯಾವ ಪ್ರಶಸ್ತಿ ಇದಕ್ಕೆ ಸಮ? ಅಂಚೆ ಕಚೇರಿ 1999ರಲ್ಲಿ ಮುಚ್ಚಿತು, 2001ರಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆಯಿತು. ಉಳಿದ ಮನೆಗಳಲ್ಲಿ ಇವತ್ತಿಗೂ ಸಂಸಾರಗಳಿವೆ, ಬಾಡಿಗೆ ಈಗಲೂ ಅದೇ ಸಂಘಕ್ಕೆ.