ಮತ್ತೆ ಅವರೇ!

(ಪ್ಯಾರಿಸ್‌ನ ಒಂದು ಕೆಫೆ. ಅಕ್ಟೋಬರ್ 2025.)

ಗಿರಾಕಿ: ಏನಯ್ಯಾ, ಈಗ ನಮ್ಮ ಪ್ರಧಾನಿ ಯಾರು?

ಮಾಣಿ: ಎಷ್ಟು ಗಂಟೆಯ ಲೆಕ್ಕ, ಸ್ವಾಮಿ? ಭಾನುವಾರ ರಾತ್ರಿ ಪ್ರಧಾನಿ ಲೆಕೊರ್ನು ಅವರ ಮಂತ್ರಿಗಳ ಪಟ್ಟಿ ಹೊರಬಿತ್ತು. ಸೋಮವಾರ ಬೆಳಿಗ್ಗೆ ಅವರದೇ ರಾಜೀನಾಮೆ. ಅಭಿನಂದಿಸಲು ಫೋನ್ ಮಾಡಿದವರು ಸಂತಾಪ ಹೇಳಿ ಇಟ್ಟರಂತೆ.

ಗಿರಾಕಿ: ಆಮೇಲೆ?

ಮಾಣಿ: ಅಧ್ಯಕ್ಷ ಮ್ಯಾಕ್ರನ್ ಸಾಹೇಬರು ಅಳೆದು ಸುರಿದು ಶುಕ್ರವಾರ ಪ್ರಧಾನಿಯನ್ನು ನೇಮಿಸಿದರು.

ಗಿರಾಕಿ: ಯಾರನ್ನು?

ಮಾಣಿ: ಲೆಕೊರ್ನು ಅವರನ್ನೇ!

ಗಿರಾಕಿ: ಹಿಂದಿನ ಪ್ರಧಾನಿಗಳಾದ ಬಾರ್ನಿಯೆ, ಬೈರೂ ಇಬ್ಬರನ್ನೂ ಬಜೆಟ್ ಜಗಳವೇ ಮನೆಗೆ ಕಳಿಸಿತಲ್ಲ. ಇವರು ಉಳಿಯುತ್ತಾರಾ?

ಮಾಣಿ: ಬಜೆಟ್‌ನಂಥ ಮಸೂದೆಯನ್ನು ಮತಕ್ಕೆ ಹಾಕದೆಯೇ ಪಾಸು ಮಾಡಲು ಸಂವಿಧಾನದ 49.3ನೇ ವಿಧಿ ಇದೆ. ಅದನ್ನು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ, ಪಾಪ.

ಗಿರಾಕಿ: 2023ರಲ್ಲಿ ನಮ್ಮ ನಿವೃತ್ತಿಯನ್ನು 62ರಿಂದ 64ಕ್ಕೆ ಎಳೆದದ್ದೂ ಅದೇ ವಿಧಿಯಿಂದಲ್ಲವೇ?

ಮಾಣಿ: ಹೂಂ. ನಾವು 64ರವರೆಗೆ ದುಡಿಯಬೇಕು. ಪ್ರಧಾನಿಗೆ ಮೊದಲ ಸರದಿಯಲ್ಲಿ 27 ದಿನಕ್ಕೇ ಸುಸ್ತು!